ಚೌಡಯ್ಯನವರ ಏಳು ತಂತಿ: ಹಳೆಯ ಪಿಟೀಲಿಗೆ ಇನ್ನೂ ಮೂರು ತಂತಿ ಹಾಕಬಹುದೇ?

ವಿರಾಜಪೇಟೆ ಶ್ರುತಿಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯ ಸಂಗೀತ ತರಗತಿಯೊಂದರ ಮಕ್ಕಳಿಗೆ ಪಿಟೀಲು ಚೌಡಯ್ಯನವರ ಬದುಕು, ವಾದನದ ಬಗ್ಗೆ ಒಂದು ಗಂಟೆಯ ಸೋದಾಹರಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳು. ಕೊಡವ ಮದುವೆಗಳಲ್ಲಿ ವಾಲಗ, ದುಡಿ, ಕೊಂಬು ಕೇಳಿ ಬೆಳೆದವರು, ಪಿಟೀಲು ಕಚೇರಿ ಎದುರು ಕೂತು ಕೇಳಿದ್ದು ಕಡಿಮೆ. ತರಗತಿಯಲ್ಲಿ ಯಾರೂ ಬಳಸದ ಹಳೆಯ ಫುಲ್ ಸೈಜ್ ಪಿಟೀಲು ಒಂದಿದೆ. ಅದಕ್ಕೆ ಮೂರು ತಂತಿ ಸೇರಿಸಿ ಏಳು ತಂತಿಯ ನಾದ ಕೇಳಿಸಬೇಕೆಂಬ ಆಸೆ.

ಮೂರು ವಿಷಯ ಗೊತ್ತಾಗಬೇಕು. ಚೌಡಯ್ಯನವರು ಏಳು ತಂತಿಗೆ ಹೋದದ್ದು ಯಾಕೆ, ಯಾವಾಗ? ಈ ಪಿಟೀಲನ್ನು ಹಾಗೆ ಮಾರ್ಪಡಿಸಬಹುದೇ? ಕಾರ್ಯಕ್ರಮ ಜುಲೈನಲ್ಲಿ, ಅಂದರೆ ಕೊಡಗಿನ ನಡುಮಳೆಯಲ್ಲಿ. ಆಗ ವಾದ್ಯ ಹಾಳಾಗದಂತೆ ಏನು ಮಾಡಬೇಕು? ಕಳೆದ ಮಳೆಗಾಲದಲ್ಲಿ ಬಿರಡೆ (ತಂತಿ ಬಿಗಿಯುವ ಗೂಟ) ಅಲ್ಲಾಡದಷ್ಟು ಬಿಗಿದಿತ್ತು, ಕಮಾನಿನ ಕೂದಲಿಗೆ ಬೂಷ್ಟು ಹಿಡಿದಿತ್ತು.

ಸಂಗಮದ ಕಡೆಯವ

ಮೊದಲ ಪ್ರಶ್ನೆಗೆ ಉತ್ತರ. ಕಾರ್ಯಕ್ರಮವನ್ನು ತಲಕಾವೇರಿಯಿಂದಲೇ ಶುರು ಮಾಡಿ, ಮಕ್ಕಳಿಗೆ ತಟ್ಟನೆ ಹತ್ತಿರವಾಗುತ್ತದೆ. ನಿಮ್ಮಲ್ಲಿ ಹುಟ್ಟಿದ ಕಾವೇರಿ ಕೆಳಗಿಳಿದು ಕಪಿಲೆಯನ್ನು ಸೇರುವ ಜಾಗ ತಿರುಮಕೂಡಲು. ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅಲ್ಲಿ. ಆ ಸಂಗಮದ ನೆನಪಿಗೇ ಅವರು ತಮ್ಮ ರಚನೆಗಳಿಗೆ 'ತ್ರಿಮಕುಟ' ಎಂಬ ಅಂಕಿತ ಇಟ್ಟುಕೊಂಡರು.

1910ರಿಂದ 1918ರವರೆಗೆ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಶಿಕ್ಷಣ. ಮಕ್ಕಳಿಗೆ ಒತ್ತಿ ಹೇಳಬೇಕಾದ್ದು ಇದು: ಕೃಷ್ಣಪ್ಪನವರು ಗಾಯಕರು. ಕಚೇರಿ ವೇದಿಕೆಯಲ್ಲಿ ಕನ್ನಡ ದೇವರನಾಮಗಳನ್ನು ಘನವಾಗಿ ಹಾಡಿ ಅವಕ್ಕೆ ಮರ್ಯಾದೆ ತಂದವರು. ಹಾಡುವವರ ಕೈಕೆಳಗೆ ಕಲಿತ ಪಿಟೀಲಿಗೆ ಸಾಹಿತ್ಯ ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಪಕ್ಕವಾದ್ಯಗಾರರಾಗಿ ಚೌಡಯ್ಯನವರು ಅಷ್ಟು ಬೇಡಿಕೆಯಲ್ಲಿದ್ದುದಕ್ಕೆ ಈ ತಳಪಾಯವೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

1927ರವರೆಗೆ ಅವರು ನುಡಿಸಿದ್ದು ನಾಲ್ಕು ತಂತಿಯ ಪಿಟೀಲನ್ನೇ. ಆಗ ಕಚೇರಿಗಳಲ್ಲಿ ಮೈಕ್ ಇರಲಿಲ್ಲ. ಗಾಯಕರ ಕಂಠ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು, ಪಿಟೀಲು ಮುಟ್ಟುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ಮೂರು ತಂತಿ ಸೇರಿಸಿದರು. ಚೆಂಬೈ ವೈದ್ಯನಾಥ ಭಾಗವತರಂಥ ಕಂಚಿನ ಕಂಠದ ಪಕ್ಕದಲ್ಲಿ ಕೂತು ನುಡಿಸುವ ವಾದ್ಯ ಹೇಗಿರಬೇಕಿತ್ತು ಎಂದು ಊಹಿಸಿದರೆ ಕಾರಣ ಅರ್ಥವಾಗುತ್ತದೆ.

ಮುಂದಿನದು ಚುಟುಕಾಗಿ: 1939ರಲ್ಲಿ ಮೈಸೂರು ಆಸ್ಥಾನ ವಿದ್ವಾನ್, 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, 1967ರಲ್ಲಿ ನಿಧನ. 1943ರ 'ವಾಣಿ' ಕನ್ನಡ ಚಿತ್ರದಲ್ಲಿ ಚೆಂಬೈ ಅವರ ಹಾಡು, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಒಟ್ಟಿಗೆ ಇವೆ. ಆ ದೃಶ್ಯ ಸಿಕ್ಕರೆ ಕಮಾನು ಹಿಡಿದ ಕೈಯನ್ನು ಮಕ್ಕಳಿಗೆ ತೋರಿಸಿ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಚಿತ್ರವನ್ನೂ ತೋರಿಸಿ. ಏಳು ತಂತಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಕಟ್ಟಡ ಅದು, 1980ರದು.

ಎರಡು ತಪ್ಪು ತಿಳಿವಳಿಕೆ ಮಕ್ಕಳ ತಲೆಗೆ ಹೋಗದಿರಲಿ. ಕರ್ನಾಟಕ ಸಂಗೀತಕ್ಕೆ ಪಿಟೀಲು ತಂದವರು ಚೌಡಯ್ಯನವರಲ್ಲ. ಅವರಿಗಿಂತ ಸುಮಾರು ನೂರು ವರ್ಷ ಮೊದಲೇ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದ್ದರು. ಇನ್ನೊಂದು, ಹೆಚ್ಚಿನ ಮೂರು ತಂತಿ ಸಾರಂಗಿಯ ತರಬ್ ತಂತಿಗಳಂತೆ ಸುಮ್ಮನೆ ಅನುರಣಿಸುವಂಥವಲ್ಲ. ಮೂರು ತಂತಿಗಳಿಗೆ ಅದೇ ಸ್ವರದ, ಬೇರೆ ಸ್ಥಾಯಿಯ ಒಂದೊಂದು ಜೊತೆ ತಂತಿ. ಕಮಾನು ಒಂದೇ ಎಳೆತದಲ್ಲಿ ಎರಡನ್ನೂ ಉಜ್ಜುತ್ತದೆ, ಬೆರಳು ಎರಡನ್ನೂ ಒಟ್ಟಿಗೆ ಒತ್ತುತ್ತದೆ.

ಬಿರಡೆ ಕುದುರೆ

ಎರಡನೇ ಪ್ರಶ್ನೆಗೆ: ಹಳೆಯ ಪಿಟೀಲಿಗೆ ದಯವಿಟ್ಟು ತೂತು ಕೊರೆಯಬೇಡಿ. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ, ಆ ಲೆಕ್ಕವೇ ಮಕ್ಕಳಿಗೆ ಒಳ್ಳೆಯ ಪಾಠ.

ಪಾಶ್ಚಾತ್ಯ ಶ್ರುತಿಯಲ್ಲಿ, ಅಂದರೆ ಜಿ, ಡಿ, ಎ, ಇ ಎಂದು ಕಟ್ಟಿದಾಗ, ನಾಲ್ಕೂ ತಂತಿಗಳ ಒಟ್ಟು ಬಿಗಿತ ಸುಮಾರು 22–25 ಕೆಜಿ. ಅದರಲ್ಲಿ ಹೆಚ್ಚುಕಡಿಮೆ ಐದನೇ ಎರಡು ಭಾಗ, ಅಂದರೆ 9 ಕೆಜಿಯಷ್ಟು, ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ಸೇತುವೆ) ಮೂಲಕ ನೇರ ಮೇಲ್ಹಲಗೆಯ ಮೇಲೆ ಕೂರುತ್ತದೆ. ಆ ಹಲಗೆ ಬರೀ ಮೂರು ಮಿಲಿಮೀಟರ್ ಆಸುಪಾಸಿನ ದಪ್ಪ.

ಈಗ ನಮ್ಮ ಶ್ರುತಿ ನೋಡಿ. ಗಂಡಸರ ಎರಡನೇ ಮನೆಗೆ ಸ ಪ ಸ ಪ ಎಂದು ಕಟ್ಟಿದರೆ ಕೆಳಗಿನ ಎರಡು ತಂತಿ ತಮ್ಮ ಮೂಲ ಶ್ರುತಿಗಿಂತ ಐದು ಮನೆ ಇಳಿಯುತ್ತವೆ, ಮೇಲಿನ ಎರಡು ಏಳು ಮನೆ ಇಳಿಯುತ್ತವೆ. (ಇಳಿಯುವ ಲೆಕ್ಕದಲ್ಲಿ ಮನೆ ಅಂದರೆ ಹಾರ್ಮೋನಿಯಂನ ಬಿಳಿ, ಕಪ್ಪು ಎರಡೂ ಸೇರಿಸಿ ಎಣಿಸಿದ್ದು. ಎರಡನೇ ಮನೆ, ಐದನೇ ಮನೆ ಎಂಬ ಶ್ರುತಿಯ ಹೆಸರು ಮಾತ್ರ ಬಿಳಿ ಮನೆಗಳನ್ನಷ್ಟೇ ಎಣಿಸಿದ್ದು.) ತಂತಿಯ ಬಿಗಿತ ಕಂಪನದ ವರ್ಗಕ್ಕೆ ಅನುಗುಣ. ಹಾಗಾಗಿ ಐದು ಮನೆ ಇಳಿದ ತಂತಿಯಲ್ಲಿ ಉಳಿಯುವುದು ಸೇಕಡ 56ರಷ್ಟು ಬಿಗಿತ, ಏಳು ಮನೆ ಇಳಿದದ್ದರಲ್ಲಿ 44ರಷ್ಟು. ಒಟ್ಟಾರೆ ಅರ್ಧಕ್ಕೆ ಅರ್ಧ! ಪಿಟೀಲು ಕಚೇರಿಯಲ್ಲಿ ಕೇಳಿಸದಿದ್ದುದು ಸುಮ್ಮನೆ ಅಲ್ಲ. ಗಾಯಕರ ಶ್ರುತಿಗೆ ಇಳಿಸಿದಾಗ ತಂತಿ ಸಡಿಲಾಗಿ ಪೆಟ್ಟಿಗೆಗೆ ಜೀವ ಸಾಲುತ್ತಿರಲಿಲ್ಲ. ಅದೇ ಬಿಗಿತದ ಏಳು ತಂತಿ ಹಾಕಿದರೆ ಒಟ್ಟು 20–21 ಕೆಜಿ ಆಗುತ್ತದೆ, ಅಂದರೆ ಮಾಮೂಲಿ ಪಿಟೀಲು ಹೊರಲೆಂದೇ ಮಾಡಿದ ಭಾರಕ್ಕೆ ಹತ್ತಿರ. ಏಳು ತಂತಿಯ ಭಾರಕ್ಕೆ ವಾದ್ಯ ಕುಸಿಯದೆ ನಿಂತದ್ದರ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಆದರೆ ನಿಮ್ಮ ಮಕ್ಕಳ ಶ್ರುತಿ ಐದನೇ ಮನೆ ಆಸುಪಾಸು ಇದ್ದೀತು. ಅಲ್ಲಿ ಕೆಳಗಿನ ಎರಡು ತಂತಿ ಇದ್ದಲ್ಲೇ ಇರುತ್ತವೆ, ಮೇಲಿನ ಎರಡು ಬರೀ ಎರಡು ಮನೆ ಇಳಿಯುತ್ತವೆ. ನಾಲ್ಕಕ್ಕೇ 20 ಕೆಜಿ. ಏಳಾದರೆ 35 ಕೆಜಿ ದಾಟುತ್ತದೆ. ಹಳೆಯ ಪಿಟೀಲು ಅಷ್ಟನ್ನು ತಡೆಯುವುದಿಲ್ಲ. ಮೊದಲು ಕುದುರೆಯ ಮುಖ ಬೆರಳುಹಲಗೆ ಕಡೆ ವಾಲುತ್ತದೆ, ಆಮೇಲೆ ಎಫ್ ಕಂಡಿಯ ಪಕ್ಕ ಹಲಗೆ ತಗ್ಗುತ್ತದೆ, ಕೊನೆಗೆ ಒಳಗೆ ಹಲಗೆಗೆ ಊರುಗೋಲಾಗಿ ನಿಂತ ಸೌಂಡ್ ಪೋಸ್ಟ್ ಇರುವ ಜಾಗದಲ್ಲಿ ಉದ್ದಕ್ಕೆ ಸೀಳು. ಆ ಸೀಳಿನ ರಿಪೇರಿಗೆ ಮೇಲ್ಹಲಗೆಯನ್ನೇ ಬಿಚ್ಚಬೇಕಾಗುತ್ತದೆ, ಪಿಟೀಲಿನ ಬೆಲೆಗಿಂತ ಹೆಚ್ಚು ಬಿದ್ದರೂ ಆಶ್ಚರ್ಯವಿಲ್ಲ.

ಬಿರಡೆಪೆಟ್ಟಿಗೆಯ ಕಥೆ ಬೇರೆ. ಅದರ ಗೋಡೆ ಐದು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು, ಈಗಾಗಲೇ ನಾಲ್ಕು ಜೊತೆ ತೂತು ಇವೆ. ನಡುವೆ ಇನ್ನೂ ಮೂರು ಕೊರೆದರೆ ಮರದ ಎಳೆಯುದ್ದಕ್ಕೂ ಬಿರುಕು ಓಡುತ್ತದೆ. ಮಾಡಲೇಬೇಕೆಂದಿದ್ದರೆ ಅಗಲ ಕತ್ತಿನ, ಉದ್ದ ಬಿರಡೆಪೆಟ್ಟಿಗೆಯ ಹೊಸ ವಾದ್ಯವನ್ನೇ ಹೇಳಿ ಮಾಡಿಸಬೇಕು.

ಮಾಡಿಸುವವರಿಗಾಗಿ ಕುದುರೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಳು ತಂತಿ ಕೆಡುವುದು ಇಲ್ಲೇ. ಮಾಮೂಲಿ ಕುದುರೆಯ ತಲೆ ಒಂದೇ ಗೆರೆಯಾಗಿ ಬಾಗಿರುತ್ತದೆ. ಮೊದಲ ತಂತಿಯಿಂದ ನಾಲ್ಕನೆಯದಕ್ಕೆ ಸುಮಾರು 33 ಮಿಮೀ, ಒಂದೊಂದರ ನಡುವೆ 11 ಮಿಮೀ. ಏಳು ತಂತಿಯಲ್ಲಿ ಜೊತೆ ತಂತಿಗಳು ಮೂರು ಮಿಮೀ ಅಂತರದಲ್ಲಿ ಕೂರುತ್ತವೆ. ಆ ಎರಡೂ ಕಮಾನಿನ ಕೂದಲಿಗೆ ಒಂದೇ ಮಟ್ಟದಲ್ಲಿ ಸಿಗಬೇಕು. ಒಂದು ಕೂದಲೆಳೆ ಮೇಲಿದ್ದರೂ ಅದೊಂದೇ ನುಡಿಯುತ್ತದೆ, ಇನ್ನೊಂದು ಬರೀ ಗೊರಗೊರ ಎನ್ನುತ್ತದೆ. ಆದ್ದರಿಂದ ಕುದುರೆಯ ತಲೆಯನ್ನು ಬಾಗಿದ ಗೆರೆಯಾಗಿ ಕೆತ್ತದೆ, ಮೂರು ಪುಟ್ಟ ಮಟ್ಟಗಳು ಮತ್ತು ಒಂಟಿ ತಂತಿಗೆ ಒಂದು ತುದಿ ಎಂದು ಕೆತ್ತಬೇಕು. ಹಾಗೆ ಮಾಡಿದಾಗ ಜೊತೆ ಜೊತೆಯ ನಡುವಿನ ಇಳಿಜಾರು ಕಡಿಮೆಯಾಗಿ, ಕಮಾನು ಚೂರು ಓರೆಯಾದರೂ ಪಕ್ಕದ ಜೊತೆಗೆ ತಗಲುತ್ತದೆ. ಏಳು ತಂತಿ ನುಡಿಸುವವರಿಗೆ ಬಲಗೈ ಅಷ್ಟು ಭದ್ರವಾಗಿರಬೇಕಾದ್ದು ಇದಕ್ಕೇ.

ನಟ್‌ನ (ಬಿರಡೆಪೆಟ್ಟಿಗೆಯ ಬಳಿ ತಂತಿ ಕೂರುವ ಪಟ್ಟಿ) ಹತ್ತಿರ ಜೊತೆಯ ಅಂತರ ಎರಡು ಮಿಮೀಗೆ ಇಳಿಯುತ್ತದೆ. ಇನ್ನೂ ಹತ್ತಿರವಾದರೆ ತಂತಿಗೆ ತಂತಿ ಬಡಿದು ಝರಝರ. ದೂರವಾದರೆ ಜಾರು ಎಳೆಯುವಾಗ ಬೆರಳಿನಿಂದ ಒಂದು ತಪ್ಪಿಸಿಕೊಂಡು ಸ್ವರ ಎರಡಾಗಿ ಒಡೆಯುತ್ತದೆ. ತೋಡಿ ರಾಗದ ಗಾಂಧಾರದಂಥ ಗಮಕದಲ್ಲಿ ಈ ದೋಷ ತಕ್ಷಣ ಕಿವಿಗೆ ಬೀಳುತ್ತದೆ.

ಹಾಗಾದರೆ ಜುಲೈನಲ್ಲಿ ಏನು ಕೇಳಿಸುವುದು? ಪೈಸೆ ಖರ್ಚಿಲ್ಲದ ದಾರಿ ಇದೆ. ನಾಲ್ಕು ತಂತಿಯ ಪಿಟೀಲಿನಲ್ಲೇ ಮಂದ್ರ ಷಡ್ಜದ ತಂತಿಯನ್ನು ಬಿಟ್ಟು ನುಡಿಸುತ್ತ, ಪಕ್ಕದ ಪಂಚಮ ತಂತಿಯ ಮೇಲೆ ಮೂರನೇ ಬೆರಳಿನಿಂದ ಮಧ್ಯ ಷಡ್ಜ ಹಿಡಿಯಿರಿ. ಎರಡನ್ನೂ ಒಂದೇ ಕಮಾನಿಗೆ ತನ್ನಿ. ಮೊದಲು ಬರೀ ಮಧ್ಯ ಷಡ್ಜ ಕೇಳಿಸಿ, ಆಮೇಲೆ ಎರಡೂ ಸೇರಿಸಿ. ನಾದ ದಪ್ಪವಾಗುವುದು ಹಿಂದಿನ ಬೆಂಚಿನ ಮಗುವಿಗೂ ತಿಳಿಯುತ್ತದೆ. ನಂತರ ಇಬ್ಬರು ಮಕ್ಕಳನ್ನು ಕೂರಿಸಿ, ಮೋಹನ ರಾಗದ ಒಂದೇ ಸಂಚಾರವನ್ನು ಒಬ್ಬರು ಮಂದ್ರದಲ್ಲಿ, ಇನ್ನೊಬ್ಬರು ಮಧ್ಯದಲ್ಲಿ ಒಟ್ಟಿಗೆ ನುಡಿಸಲಿ. ಏಳು ತಂತಿಯ ನಾದದ ಸ್ವಭಾವ ಅದು. ಇಬ್ಬರಲ್ಲಿ ಒಬ್ಬರ ಬೆರಳು ಕೂದಲಷ್ಟು ಜಾರಿದರೂ ನಾದದಲ್ಲಿ ಅಲೆ ಏಳುತ್ತದಲ್ಲ, ಚೌಡಯ್ಯನವರು ಒಂದೇ ಕೈಯಲ್ಲಿ ಗೆದ್ದದ್ದು ಆ ಕಷ್ಟವನ್ನು.

ವಿರಾಜಪೇಟೆ ಶ್ರುತಿಪೆಟ್ಟಿಗೆ

ಬಿರಡೆ ಕುದುರೆ ಅವರಿಗೆ ತುಂಬಾ ಧನ್ಯವಾದ. ತೂತು ಕೊರೆಯುವ ವಿಚಾರ ಇವತ್ತೇ ಕೈಬಿಟ್ಟೆವು. ಎರಡು ಪಿಟೀಲಿನ ಪ್ರಯೋಗ ಮಾಡುತ್ತೇವೆ. ಮಳೆಗಾಲದ ವಿಷಯ ಯಾರಾದರೂ ಹೇಳಿ. ಇನ್ನೊಂದು: ತರಗತಿಯ ಹಿರಿಯ ಹುಡುಗಿಯೊಬ್ಬಳಿಗೆ ಪಕ್ಕವಾದ್ಯವನ್ನೇ ವೃತ್ತಿಯಾಗಿ ಹಿಡಿಯುವ ಮನಸ್ಸಿದೆ. ಕೊಡಗಿನಲ್ಲಿದ್ದುಕೊಂಡು ಎಲ್ಲಿಂದ ಶುರು ಮಾಡಬೇಕು?

ಮಂಜಿನೂರು, ಮಡಿಕೇರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮನೆಯೊಳಗಿನ ತೇವಾಂಶ ವಾರಗಟ್ಟಲೆ ಬಹಳ ಹೆಚ್ಚೇ ಇರುತ್ತದೆ. ಪಿಟೀಲಿಗೆ ಬೇಕಾದ್ದು ಸೇಕಡ 45ರಿಂದ 60. ಮೊದಲು ಒಂದು ತೇವಾಂಶ ಮಾಪಕ ತಗೊಳ್ಳಿ. ಅಗ್ಗದವು ಹತ್ತು ಅಂಕ ಆಚೀಚೆ ತೋರಿಸುವುದುಂಟು, ಹಾಗಾಗಿ ಉಪ್ಪಿನಲ್ಲಿ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಕರಗಿಸಬೇಡಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 82 ತೋರಿಸಿದರೆ ಆ ಮಾಪಕದಲ್ಲಿ ಯಾವಾಗಲೂ ಏಳು ಕಳೆದು ಓದಿ.

ಪೆಟ್ಟಿಗೆಯೊಳಗೆ 50 ಗ್ರಾಂನ ಸಿಲಿಕಾ ಜೆಲ್ ಚೀಲ ಎರಡು ಇಡಿ, ಒಂದು ತಲೆಯ ಕಡೆ, ಒಂದು ಕೆಳಗೆ. ವಾದ್ಯಕ್ಕೆ ತಾಗದಿರಲಿ. ಬಣ್ಣ ಬದಲಾಗುವ ಕಿತ್ತಳೆ ಹರಳಿನದು ಒಳ್ಳೆಯದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳು ಓಡಾಡುವ ಕಡೆ ಬೇಡ. ಬಣ್ಣ ತಿರುಗಿದಾಗ ಹರಳನ್ನು ಚೀಲದಿಂದ ಸುರಿದು, ಅಡುಗೆಗೆ ಬಳಸದ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೊದಲ ಬಣ್ಣ ಬರುವವರೆಗೆ ಬಿಸಿ ಮಾಡಿ, ಪೂರ್ತಿ ಆರಿಸಿ ಹಾಕಿ. ಜುಲೈನಲ್ಲಿ ವಾರಕ್ಕೊಮ್ಮೆಯಾದರೂ ಈ ಕೆಲಸ ಇರುತ್ತದೆ.

ಬೀರುವಿನಲ್ಲಿ ಬಲ್ಬು ಉರಿಸುವ ಹಳೇ ಪದ್ಧತಿಯೂ ಕೆಲಸ ಮಾಡುತ್ತದೆ. 15 ವ್ಯಾಟ್‌ನ ಫಿಲಮೆಂಟ್ ಬಲ್ಬು ಕೆಳಗಿನ ಖಾನೆಯಲ್ಲಿ, ಪಿಟೀಲು ಅದಕ್ಕಿಂತ ಮೂರಡಿ ಮೇಲೆ, ಬಟ್ಟೆಬರೆ ಬಲ್ಬಿಗೆ ತಾಗದಂತೆ. ಎಲ್‌ಇಡಿ ಬಲ್ಬಿಗೆ ಸಾಕಷ್ಟು ಬಿಸಿ ಇಲ್ಲ, ಪ್ರಯೋಜನವಿಲ್ಲ. ಒಣಗಲಿ ಎಂದು ಬಚ್ಚಲೊಲೆಯ ಹತ್ತಿರವೋ ಅಗ್ಗಿಷ್ಟಿಕೆಯ ಮುಂದೆಯೋ ಮಾತ್ರ ಇಡಬೇಡಿ. ಪಿಟೀಲನ್ನು ಕೂಡಿಸಿರುವುದು ಮರವಜ್ರದಿಂದ, ಅಂದರೆ ಪ್ರಾಣಿಯ ತೊಗಲಿನಿಂದ ಮಾಡಿದ ಅಂಟಿನಿಂದ. ಅದು ತೇವಕ್ಕೂ ಬಿಡುತ್ತದೆ, ಬಿಸಿಗೂ ಬಿಡುತ್ತದೆ. ಅಂಚು ಬಿಟ್ಟಿದೆಯೇ ನೋಡಲು ಬೆರಳ ಗೆಣ್ಣಿನಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದಿನ ನಡುವೆ ಒಂದು ಕಡೆ ಸಡಿಲ ಸದ್ದು ಬಂದರೆ ಅಲ್ಲಿ ಬಿಟ್ಟಿದೆ. ಅಲ್ಲಿಗೆ ಬಡಗಿಯ ಬಿಳಿ ಅಂಟು ಹಾಕಿಸಬೇಡಿ. ಆಮೇಲೆ ಯಾರೂ ಬಿಚ್ಚಲಾಗುವುದಿಲ್ಲ, ಬಿಚ್ಚಲು ಹೋದರೆ ಮರವೇ ಕಿತ್ತು ಬರುತ್ತದೆ.

ಬಿರಡೆ ಬಿಗಿದಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ, ಬಿರಡೆಯ ಕತ್ತು ಮುರಿಯುತ್ತದೆ. ಒಣ ಪೆಟ್ಟಿಗೆಯಲ್ಲಿ ಒಂದೆರಡು ದಿನ ಇಟ್ಟು, ಆಮೇಲೆ ಬಿರಡೆಯನ್ನು ಹೊರಕ್ಕೆ ಎಳೆಯುತ್ತ ತಿರುಗಿಸಿ. ಬಂದ ಮೇಲೆ ಬಿರಡೆಗೆ ಒಣ ಸಾಬೂನು ಒಂದು ಗೆರೆ, ಅದರ ಮೇಲೆ ಸೀಮೆಸುಣ್ಣ ಒಂದು ಗೆರೆ ಉಜ್ಜಿ. ಸಾಬೂನು ಜಾರಿಸುತ್ತದೆ, ಸುಣ್ಣ ಹಿಡಿಯುತ್ತದೆ. ಎಣ್ಣೆ ಮುಟ್ಟಿಸಬೇಡಿ. ಒಂದು ಬಿರಡೆ ಮುಗಿಸಿ ತಂತಿ ಬಿಗಿದ ಮೇಲಷ್ಟೇ ಇನ್ನೊಂದಕ್ಕೆ ಹೋಗಿ. ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದರೆ ಒಳಗಿನ ಸೌಂಡ್ ಪೋಸ್ಟ್ ಬಿದ್ದೀತು.

ಕಮಾನಿನ ಕೂದಲು ತೇವಕ್ಕೆ ಉದ್ದವಾಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ. ಮಡಿಕೇರಿಯಲ್ಲಿ ಪೂರ್ತಿ ಬಿಗಿದ ಕಮಾನನ್ನು ಹಾಗೇ ಮೈಸೂರಿಗೆ ಒಯ್ದರೆ ಅಲ್ಲಿನ ಒಣ ಗಾಳಿಗೆ ಕೂದಲು ಕುಗ್ಗಿ ಕಡ್ಡಿ ಸೊಟ್ಟಗಾಗುತ್ತದೆ, ಕೆಲವೊಮ್ಮೆ ತುದಿಯೇ ಸೀಳುತ್ತದೆ. ನುಡಿಸಿದ ಮೇಲೆ ಕೂದಲು ಕಡ್ಡಿಗೆ ಸ್ವಲ್ಪ ತಾಗುವಷ್ಟು ಸಡಿಲಿಸಿಡಿ. ಬೂಷ್ಟು ಹಿಡಿದ ಕೂದಲನ್ನು ತೊಳೆಯುವುದಕ್ಕಿಂತ ಹೊಸದು ಕಟ್ಟಿಸುವುದೇ ಮೇಲು. ಪೆಟ್ಟಿಗೆ ತೆರೆದಾಗ ಮೂರ್ನಾಲ್ಕು ಕೂದಲು ತುಂಡಾಗಿ ನೇತಾಡುತ್ತಿದ್ದರೆ ಅದು ಕೂದಲು ತಿನ್ನುವ ಹುಳುವಿನ ಕೆಲಸ. ಪೆಟ್ಟಿಗೆಯ ಮಖಮಲ್ಲನ್ನು ಬ್ರಶ್ ಮಾಡಿ, ಮೋಡ ಸರಿದ ದಿನ ತೆರೆದು ಬೆಳಕಿಗಿಡಿ. ಈ ಹುಳುವಿಗೆ ಕತ್ತಲೆ ಇಷ್ಟ, ಬೆಳಕು ಆಗದು.

ಪಕ್ಕವಾದ್ಯ

ಹುಡುಗಿಯ ವಿಷಯಕ್ಕೆ. ಮೊದಲ ಮಾತು, ಅವಳಿಗೆ ಹಾಡುವುದನ್ನು ಕಲಿಸಿ. ಮೇಲೆ ಸಂಗಮದ ಕಡೆಯವರು ಬಿಡಾರಂ ಕೃಷ್ಣಪ್ಪನವರ ಬಗ್ಗೆ ಹೇಳಿದ್ದು ಬರೀ ಜೀವನ ಚರಿತ್ರೆಯಲ್ಲ, ಪಕ್ಕವಾದ್ಯದ ಪಾಠಕ್ರಮವೇ ಅದು. ಪ್ರತಿ ಕೃತಿಯನ್ನೂ ಸಾಹಿತ್ಯದೊಂದಿಗೆ ಹಾಡಿ, ನಂತರ ನುಡಿಸಬೇಕು. ಸಾಹಿತ್ಯ ಗೊತ್ತಿಲ್ಲದ ಕಮಾನು ಪದದ ನಡುವೆ ತಿರುಗುತ್ತದೆ, ಗಾಯಕರಿಗೆ ಅದು ಕಾಲಿಗೆ ಕಲ್ಲು ಸಿಕ್ಕಂತೆ.

ವೇದಿಕೆಯಲ್ಲಿ ಅವಳ ಕೆಲಸ ಹೀಗಿರುತ್ತದೆ. ಗಾಯಕರ ಆಲಾಪನೆಯಲ್ಲಿ ಅರೆಕ್ಷಣ ಹಿಂದೆ, ಅವರ ದನಿಗಿಂತ ಕೆಳಗೆ, ಅವರು ನಿಂತ ಸ್ವರದಲ್ಲಿ ತಾನೂ ನಿಂತು ಹಿಂಬಾಲಿಸುವುದು. ತನ್ನ ಸರದಿ ಬಂದಾಗ ಅವರು ತೆಗೆದುಕೊಂಡ ಹೊತ್ತಿನ ಅರ್ಧ ಮೀರದ ಆಲಾಪನೆ, ಅವರು ಕಟ್ಟಿದ ರಾಗದ ಹಾದಿಯಲ್ಲೇ. ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು), ಕಲ್ಪನಾಸ್ವರದಲ್ಲಿ ಅವರು ಎಷ್ಟು ಆವರ್ತ ತೆಗೆದುಕೊಂಡರೋ ಅಷ್ಟೇ, ಎಡುಪು (ತಾಳದಲ್ಲಿ ಸಾಲು ಶುರುವಾಗುವ ಜಾಗ) ತಪ್ಪದೆ. ಮೃದಂಗ ಒಂಟಿಯಾಗಿ ನುಡಿಯುವ ತನಿ ಆವರ್ತನದಲ್ಲಿ ಪಿಟೀಲು ಕೆಳಗಿಟ್ಟು ತಾಳ ಹಾಕುವುದು. ಹೊಸಬರು ಸೋಲುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಹಿಂಬಾಲಿಸುವಾಗ ಮುಂದಿನ ಸಂಚಾರ ಊಹಿಸಿ ತಾವೇ ಮೊದಲು ನುಡಿಸಿಬಿಡುತ್ತಾರೆ. ಧ್ವನಿಮುದ್ರಣ ಹಾಕಿಕೊಂಡು ದಿನಕ್ಕೆ ಅರ್ಧ ಗಂಟೆ, ಕೇಳದ ಆಲಾಪನೆಗೆ ಹಿಂಬಾಲಿಸುವ ಅಭ್ಯಾಸ ಮಾಡಲಿ. ಒಂದೇ ಮುದ್ರಣವನ್ನು ಮತ್ತೆ ಮತ್ತೆ ಹಾಕಿದರೆ ಬಾಯಿಪಾಠವಾಗಿ ಪ್ರಯೋಜನ ಹೋಗುತ್ತದೆ.

ಮೆಟ್ಟಿಲುಗಳ ಬಗ್ಗೆ: ವಿದ್ವತ್ ಪರೀಕ್ಷೆ ಮುಗಿಸಿಕೊಳ್ಳಲಿ, ಪಾಠ ಹೇಳಿ ಜೀವನ ನಡೆಸಲು ಅದು ಬೇಕಾಗುತ್ತದೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಬಿ ಶ್ರೇಣಿ ಸಿಕ್ಕರೆ ಸಭೆಯವರು ಹೆಸರು ಗುರುತಿಸುತ್ತಾರೆ, ಅಲ್ಲಿಂದ ಬಿ ಹೈ, ಎ, ಎ ಟಾಪ್. ಮಡಿಕೇರಿಯಲ್ಲೇ ಆಕಾಶವಾಣಿ ಕೇಂದ್ರ ಇದೆ, ಅರ್ಜಿ, ಪಟ್ಟಿಗಳ ವಿವರ ಅಲ್ಲಿ ಕೇಳಲಿ. ನೇರವಾಗಿ ಹೇಳಬೇಕೆಂದರೆ ಕೊಡಗಿನೊಳಗಿನ ಕಚೇರಿಗಳಿಂದ ಮಾತ್ರ ವರ್ಷ ಕಳೆಯುವುದಿಲ್ಲ, ಮೈಸೂರಿನ ಗಾಯಕರ ಪರಿಚಯ ಬೇಕೇ ಬೇಕು. ಶುರುವಿಗೆ ಹಾಡುವ ವಿದ್ಯಾರ್ಥಿಗಳ ಮನೆಪಾಠಕ್ಕೆ, ರಾಮೋತ್ಸವ, ಗಣೇಶೋತ್ಸವದ ಕಚೇರಿಗಳಿಗೆ ಕೂರಲಿ. ಮಡಿಕೇರಿ ದಸರಾ ವೇದಿಕೆಯಂಥ ಬಯಲಿನಲ್ಲಿ ಮಂಜು ಬೀಳುವ ರಾತ್ರಿ ನುಡಿಸುವುದಾದರೆ ಅರ್ಧ ಗಂಟೆ ಮುಂಚೆ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು ವೇದಿಕೆಯ ಗಾಳಿಗೆ ಒಗ್ಗಿಸಿ, ಆಮೇಲೆ ಶ್ರುತಿ ಮಾಡಲಿ.

ಕೊನೆಗೊಂದು ಖರ್ಚಿನ ಮಾತು. ಇವತ್ತು ಐದನೇ ಮನೆಯ ಗಾಯಕಿ, ನಾಳೆ ಒಂದೂವರೆ ಮನೆಯ ಗಾಯಕರು. ಒಂದೇ ಪಿಟೀಲನ್ನು ಹಾಗೆ ಏರಿಸಿ ಇಳಿಸಿದರೆ ತಂತಿ ಮೊದಲ ಮುಕ್ಕಾಲು ಗಂಟೆ ಜರುಗುತ್ತಲೇ ಇರುತ್ತದೆ, ಕುದುರೆಯೂ ವಾಲುತ್ತದೆ. ಬಿರಡೆ ಕುದುರೆ ಅವರ ಲೆಕ್ಕದಂತೆ ಕೆಳಶ್ರುತಿಗೆ ದಪ್ಪ ತಂತಿಯೇ ಬೇಕು. ನಿಮ್ಮ ತರಗತಿಯ ಆ ಹಳೇ ಪಿಟೀಲಿಗೆ ದಪ್ಪ ತಂತಿ ಹಾಕಿ, ಎರಡನೇ ಮನೆಗೆ ಕಟ್ಟಿ, ಅವಳ ಕೈಗೆ ಕೊಡಿ. ಗಂಡಸರ ಶ್ರುತಿಗೆ ಅದೊಂದು ಮೀಸಲಾಗಿರಲಿ.

ವಿರಾಜಪೇಟೆ ಶ್ರುತಿಪೆಟ್ಟಿಗೆ

ಪಕ್ಕವಾದ್ಯ ಅವರೇ, ಹಾಗೇ ಮಾಡುತ್ತೇವೆ. ಇವತ್ತು ಗೆಣ್ಣಿನಿಂದ ತಟ್ಟಿ ನೋಡಿದೆವು. ಗಲ್ಲ ಇಡುವ ಜಾಗದ ಕೆಳಗೆ ಎರಡು ಇಂಚಿನಷ್ಟು ಅಂಚು ಬಿಟ್ಟಿದೆ. ಮರವಜ್ರದಲ್ಲಿ ಕೂಡಿಸುವವರನ್ನು ಮೈಸೂರಿನಲ್ಲಿ ಹುಡುಕಿ, ತಂತಿ ಬದಲಿಸುವ ಮೊದಲು ಅದನ್ನು ಮಾಡಿಸುತ್ತೇವೆ.

ಬಿರಡೆ ಕುದುರೆ

ಅಲ್ಲಿಯವರೆಗೆ ನಾಲ್ಕೂ ತಂತಿಯನ್ನು ಒಂದೊಂದಾಗಿ ಸ್ವಲ್ಪವೇ ಸಡಿಲಿಸಿ, ಕುದುರೆ, ಸೌಂಡ್ ಪೋಸ್ಟ್ ಬೀಳದಷ್ಟು ಮಾತ್ರ. ಗಲ್ಲದ ಹಲಗೆಯ ಸ್ಕ್ರೂ ಅದೇ ಅಂಚನ್ನು ಒತ್ತುತ್ತಿರುತ್ತದೆ, ಅದನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿ ಒಯ್ಯಿರಿ.